ಪಟ್ಟರೆಗಳ ಸೀಮೆಯಲ್ಲಿ ಒಂದು ಹಳೆಯ ಬಂಡಿ

ದಿಂಬಂ ಘಟ್ಟದ ಮೇಲಿನ ನಮ್ಮ ಹಳ್ಳಿಗಳ ಹಿರಿಯರಿಗೆ ಕೊಯಮತ್ತೂರು ಕಚೇರಿ, ಕೋರ್ಟುಗಳ ಊರಾಗಿತ್ತು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೂಡ ಆ ಜಿಲ್ಲೆಗೇ ಸೇರಿತ್ತು. ಆಮೇಲೆ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. 1979ರಲ್ಲಿ ಜಿಲ್ಲೆ ಒಡೆದಾಗ ನಾವು ಈರೋಡಿನ ಪಾಲಿಗೆ ಬಂದೆವು. ಕಚೇರಿಯ ನಂಟು ಕಡಿದರೂ ಕೊಯಮತ್ತೂರಿನ ದಾರಿ ಮಾತ್ರ ಸವೆಯುತ್ತಲೇ ಇದೆ. ಆಸ್ಪತ್ರೆಗೆಂದು, ಮಕ್ಕಳ ಕಾಲೇಜಿಗೆಂದು, ಮದುವೆಯ ಜವಳಿಗೆಂದು ನಮ್ಮವರು ಘಟ್ಟ ಇಳಿಯುತ್ತಾರೆ. ಬನಿಯನ್ ಕಂಪನಿಗಳಲ್ಲಿ ದುಡಿಯಲು ಹೋಗಿ ತಿರುಪ್ಪೂರಿನಲ್ಲೇ ಮನೆ ಮಾಡಿಕೊಂಡವರೂ ಉಂಟು. ಈಚಿನ ವರ್ಷಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ; ಅದು ಹಳೆಯ ಮೋಟಾರು ಬಂಡಿಗಳ ವ್ಯಾಪಾರ.

ಹಳೆಯ ಬಂಡಿಯೆಂದರೆ ಪುಟ್ಟ ಕಾರಲ್ಲ. ಏಳು ಜನ ಕೂಡುವ, ಎತ್ತರದ ಚಕ್ರದ, ಡೀಸೆಲ್ ಕುಡಿಯುವ ದೊಡ್ಡ ಬಂಡಿ, ಪಟ್ಟಣದವರು ಎಸ್.ಯು.ವಿ. ಎನ್ನುವುದು ಇದನ್ನೇ. ಹೊಸದಾಗಿ ಕೊಳ್ಳಲು ನಮ್ಮಂಥ ಸಂಸಾರಗಳಿಗೆ ಕೈಗೂಡದ ಈ ವಾಹನ ಎಂಟು ಹತ್ತು ವರ್ಷ ಓಡಿದ ಬಳಿಕ ನಾಲ್ಕೈದು ಲಕ್ಷಕ್ಕೆ ಸಿಗುತ್ತದೆಂದಾಗ ಆಸೆ ಹುಟ್ಟುವುದು ಸಹಜವೇ. ತಿರುಪ್ಪೂರಿನಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನಿಗೂ ಆ ಆಸೆ ಹುಟ್ಟಿತು. ಅವನ ತಂದೆತಾಯಿಗಳು ಇನ್ನೂ ಘಟ್ಟದ ಮೇಲೆಯೇ ಇದ್ದಾರೆ. ತಂದೆಗೆ ಹೃದಯದ ಕಾಯಿಲೆ. ತಿಂಗಳಿಗೊಮ್ಮೆ ಕೊಯಮತ್ತೂರಿಗೆ ಕರೆತರಬೇಕು. ಗಂಡಹೆಂಡಿರಿಬ್ಬರೂ ಆರು ವರ್ಷ ಹೊಲಿಗೆ ಯಂತ್ರದ ಮುಂದೆ ಕುಳಿತು ಕೂಡಿಸಿದ ಮೂರು ಲಕ್ಷ ಹಣವಿತ್ತು, ಎರಡು ಲಕ್ಷದ ಚೀಟಿಯೊಂದು ಎತ್ತುವ ಹಂತಕ್ಕೆ ಬಂದಿತ್ತು. “ಮೇಷ್ಟ್ರೇ, ದುಡ್ಡು ಕೊಡೋಕೆ ಮುಂಚೆ ನೀವೂ ಒಂದು ಸಲ ಬಂದು ನಿಂತ್ಕೊಳ್ಳಿ” ಎಂದು ಅವನು ಫೋನು ಮಾಡಿದಾಗ ಎಂಜಿನ್ನಿನ ವಿದ್ಯೆ ನಮಗೆ ಬರುತ್ತದೆಂಬ ಭ್ರಮೆಯೇನೂ ಅವನಿಗಿರಲಿಲ್ಲ. ಹಿರಿಯರೊಬ್ಬರು ಜೊತೆಗಿದ್ದರೆ ದಲ್ಲಾಳಿಯ ಮಾತಿನ ಭರಾಟೆ ತುಸು ತಗ್ಗುತ್ತದೆಂಬ ಲೆಕ್ಕಾಚಾರವಷ್ಟೆ. ರಜೆಯ ದಿನಗಳಾದ್ದರಿಂದ ನಾವು ಒಪ್ಪಿಕೊಂಡೆವು.

ತಾಳವಾಡಿಯಿಂದ ಹೊರಟ ಬಸ್ಸು ಆಸನೂರು ದಾಟಿ ದಿಂಬಂ ತಲುಪಿದಾಗ ಹೊತ್ತು ಏರಿತ್ತು. ಅಲ್ಲಿಂದ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವುಗಳು. ಎಷ್ಟು ಸಲ ಇಳಿದರೂ ಈ ದಾರಿಯಲ್ಲಿ ಕಣ್ಣು ಹೊರಗೇ ಇರುತ್ತದೆ. ಕೆಳಗೆ ಭವಾನಿಸಾಗರದ ನೀರು ಬೆಳ್ಳಗೆ ಹೊಳೆಯುತ್ತದೆ, ಮೇಲೆ ಬರುವ ಲಾರಿಗಳು ತಿರುವಿನಲ್ಲಿ ಉಸಿರುಗಟ್ಟಿ ನಿಲ್ಲುತ್ತವೆ. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರಲ್ಲಿ ಹೈಕೋರ್ಟಿನ ಆದೇಶದಿಂದ ರಾತ್ರಿಯ ಸಂಚಾರಕ್ಕೆ ನಿರ್ಬಂಧ ಬಂದಿತು. ಆದ್ದರಿಂದ ಈ ದಾರಿಯಲ್ಲಿ ಬಂಡಿ ಕೆಟ್ಟು ನಿಲ್ಲುವುದೆಂದರೆ ಬಯಲುಸೀಮೆಯ ರಸ್ತೆಯಲ್ಲಿ ನಿಂತಂತಲ್ಲ. ರೋಗಿಯನ್ನು ಕೂರಿಸಿಕೊಂಡು ಹದಿನೈದನೆಯ ತಿರುವಿನಲ್ಲಿ ನಿಲ್ಲುವುದು ಹೇಗಿರುತ್ತದೆಂಬುದನ್ನು ಘಟ್ಟದ ಮೇಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸತ್ಯಮಂಗಲದಲ್ಲಿ ಬಸ್ಸು ಬದಲಿಸಿ, ಪುಳಿಯಂಪಟ್ಟಿ, ಅವಿನಾಶಿಗಳ ಮಾರ್ಗವಾಗಿ ತಿರುಪ್ಪೂರನ್ನು ಸೇರಿದೆವು.

ತಿರುಪ್ಪೂರು 2009ರಲ್ಲಿ ಜಿಲ್ಲೆಯಾದ ಊರು. ಬೀದಿಯಲ್ಲಿ ನಿಂತು ಬಂಡಿಗಳ ನಂಬರು ಫಲಕಗಳನ್ನು ಓದಿದರೆ ಅದೇ ಒಂದು ಭೂಗೋಳದ ಪಾಠ. 39, 42 ಈ ಊರಿನವು; 37, 38, 66 ಕೊಯಮತ್ತೂರಿನವು; 41 ಪೊಳ್ಳಾಚಿ; 78 ಧಾರಾಪುರ. ನಡುನಡುವೆ ನಮ್ಮ ಚಾಮರಾಜನಗರದ ಕೆ.ಎ. 10 ಕಣ್ಣಿಗೆ ಬೀಳುತ್ತದೆ. ಶಿಷ್ಯ ಮೆಚ್ಚಿಕೊಂಡಿದ್ದ ಬಂಡಿಯೂ ಕೆ.ಎ. ಫಲಕದ್ದೇ. ಪಲ್ಲಡಂ ರಸ್ತೆಯ ಒಂದು ಅಂಗಳದಲ್ಲಿ ಬಿಳಿಯ ಬಣ್ಣದಲ್ಲಿ ಮಿರುಗುತ್ತ ನಿಂತಿತ್ತು. ಎಂಟು ವರ್ಷದ್ದು, ಮೀಟರಿನಲ್ಲಿ 78,000 ಕಿಲೋಮೀಟರ್, ಬೆಲೆ 5,10,000 ರೂಪಾಯಿ. ಸೀಟುಗಳಿಗೆ ಹೊಸ ಹೊದಿಕೆ ಹಾಕಿಸಿದ್ದರು, ಎಂಜಿನ್ನನ್ನೂ ತೊಳೆದು ಒರೆಸಿ ಇಟ್ಟಿದ್ದರು. ಹಳೆಯ ಎಂಜಿನ್ ಅಷ್ಟು ಚೊಕ್ಕಟವಾಗಿದ್ದರೆ ಸಂತೋಷಪಡುವುದಕ್ಕಿಂತ ಸಂಶಯಪಡುವುದು ಮೇಲು. ಎಣ್ಣೆ ಎಲ್ಲಿ ಜಿನುಗುತ್ತಿತ್ತೆಂಬ ಗುರುತು ತೊಳೆದ ನೀರಿನೊಡನೆ ಹೋಗಿಬಿಟ್ಟಿರುತ್ತದೆ.

ಶಿಷ್ಯನ ಹೆಂಡತಿಯ ಅಣ್ಣನಿಗೆ ಪರಿಚಯವಿದ್ದ ಮೇಸ್ತ್ರಿಯೊಬ್ಬರು ಕೊಯಮತ್ತೂರಿನ ಗಣಪತಿ ಬಡಾವಣೆಯಿಂದ ಬಂದರು. ಅವರ ಅಜ್ಜ ಸಿರುಮುಗೈಯಲ್ಲಿ ಮಗ್ಗ ಹೂಡಿದ್ದವರು, ದೇವಾಂಗರ ಮನೆ. ಮನೆಯಲ್ಲಿ ಕನ್ನಡ, ಪಟ್ಟರೆಯಲ್ಲಿ ತಮಿಳು, ಅಕ್ಷರ ಮಾತ್ರ ತಮಿಳೊಂದೇ. ನಮ್ಮೊಡನೆ ಅವರು ಆಡಿದ ಕನ್ನಡದಲ್ಲಿ ಕೊಂಗುನಾಡಿನ “ಙ್ಗ” ಮಾತುಮಾತಿಗೂ ಗೌರವದಿಂದ ಬಂದು ಕೂಡುತ್ತಿತ್ತು. ಬಂದವರೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಳಗಿನ ಏಳು ಗಂಟೆಗೆ ಅದು ಬೆಚ್ಚಗಿತ್ತು. “ಇವತ್ತು ನೋಡೋದು ಬೇಡಿ. ನಾಳೆ ಹೇಳದೆ ಬರೋಣ” ಎಂದು ನಮ್ಮ ಕಿವಿಯಲ್ಲಿ ಹೇಳಿ ಹೊರಟುಬಿಟ್ಟರು.

ಇದರ ಕಾರಣವನ್ನು ವಾಚಕರು ಚೆನ್ನಾಗಿ ತಿಳಿದಿರಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿನಲ್ಲಿಯೇ ಎಣ್ಣೆಯನ್ನು ಉರಿಸಬೇಕು. ಒಳಗಿನ ಉಂಗುರಗಳು ಸವೆದು ಒತ್ತಡ ಸೋರುತ್ತಿದ್ದರೆ ತಣ್ಣಗಿರುವಾಗ ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಒಮ್ಮೆ ಬಿಸಿಯಾದರೆ ಮುದಿ ಎಂಜಿನ್ನೂ ಹುಡುಗನಂತೆ ಓಡುತ್ತದೆ. ಆದ್ದರಿಂದ ಮಾರುವವನು ಮೊದಲೇ ಚಾಲೂ ಮಾಡಿ ಇಟ್ಟ ಬಂಡಿಯನ್ನು ಪರೀಕ್ಷಿಸುವುದೂ, ಉತ್ತರ ಬರೆದಿಟ್ಟ ಹಲಗೆಯ ಮುಂದೆ ಹುಡುಗನನ್ನು ನಿಲ್ಲಿಸಿ ಲೆಕ್ಕ ಕೇಳುವುದೂ ಒಂದೇ.

ಮರುದಿನ ಆರಕ್ಕೇ ಹೋದೆವು. ಕೀಲಿ ತಿರುಗಿಸಿದಾಗ ಎಂಜಿನ್ ಮೂರು ಸಲ ಕೆಮ್ಮಿ ಎದ್ದಿತು. ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ ಬಂದು ಬಹಳ ಹೊತ್ತು ಆರಲಿಲ್ಲ. ಹೊಗೆಯ ಬಣ್ಣದಲ್ಲೇ ಅರ್ಧ ಜಾತಕವಿದೆಯೆಂದು ಮೇಸ್ತ್ರಿಗಳು ವಿವರಿಸಿದರು. ಕಪ್ಪು ಹೊಗೆಯಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಇಂಜೆಕ್ಟರನ್ನೋ ಟರ್ಬೊವನ್ನೋ ಗಾಳಿಯ ಫಿಲ್ಟರನ್ನೋ ನೋಡಬೇಕು. ನೀಲಿ ಹೊಗೆಯಾದರೆ ಎಂಜಿನ್ ಆಯಿಲೇ ಉರಿಯುತ್ತಿದೆ. ಬಿಳಿ ಹೊಗೆ ಚಳಿಯಲ್ಲಿ ಕ್ಷಣಕಾಲ ಬಂದರೆ ಭಯವಿಲ್ಲ. ನಿಲ್ಲದಿದ್ದರೆ ಸರಿಯಾಗಿ ಉರಿಯದ ಡೀಸೆಲಿರಬೇಕು, ಇಲ್ಲವೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬೇಕು. ಎಂಜಿನ್ ಓಡುತ್ತಿರುವಂತೆಯೇ ಅವರು ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ, ತಲೆಕೆಳಗಾಗಿ ಅದೇ ಬಾಯಿಯ ಮೇಲಿಟ್ಟರು. ಅನ್ನದ ಪಾತ್ರೆಯ ಮುಚ್ಚಳದಂತೆ ಅದು ಕುಣಿಯಿತು. ಉಂಗುರಗಳ ಪಕ್ಕದಿಂದ ಗಾಳಿ ಕೆಳಕ್ಕೆ ನುಗ್ಗುತ್ತಿರುವುದರ ಲಕ್ಷಣವದು. ಬಳಿಕ ನೀರಿನ ಡಬ್ಬಿಯತ್ತ ಕೈ ತೋರಿದರು. ಅದರಲ್ಲಿ ಸಣ್ಣ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದವು.

ಆ ಗುಳ್ಳೆಗಳನ್ನು ನೋಡಿ ಮೇಸ್ತ್ರಿಗಳ ಮುಖ ಗಂಭೀರವಾಯಿತು. ಎಂಜಿನ್ನಿನ ಬುಡಕ್ಕೂ ತಲೆಗೂ ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆಯಿರುತ್ತದೆ. ಬೆಂಕಿ, ಎಣ್ಣೆ, ನೀರು ಮೂರನ್ನೂ ಒಂದಕ್ಕೊಂದು ಸೇರದಂತೆ ತಡೆಯುವ ಕೆಲಸ ಅದರದು. ಬಂಡಿ ಒಮ್ಮೆ ಅತಿಯಾಗಿ ಕಾದರೆ ತಲೆ ಸೊಟ್ಟಗಾಗಿ ಹಾಳೆ ಸುಡುತ್ತದೆ, ಬೆಂಕಿಯ ಗಾಳಿ ನೀರಿಗೆ ನುಗ್ಗುತ್ತದೆ. ಸಮತಟ್ಟಾದ ಅವಿನಾಶಿ ರಸ್ತೆಯಲ್ಲಿ ಇಂಥ ಬಂಡಿ ಆರು ತಿಂಗಳು ಓಡಿದರೂ ಓಡೀತು. ಘಟ್ಟದಲ್ಲಿ ಓಡದು. ಎರಡನೆಯ ಗೇರಿನಲ್ಲಿ ಏರುವಾಗ ಎಂಜಿನ್ನಿಗೆ ಪೂರ್ತಿ ಹೊರೆ, ಆದರೆ ವೇಗವಿಲ್ಲದ್ದರಿಂದ ರೇಡಿಯೇಟರಿಗೆ ಎದುರುಗಾಳಿಯಿಲ್ಲ. ತಂಪೆಲ್ಲ ಫ್ಯಾನಿನ ಮೇಲೆಯೇ ನಿಂತಿದೆ. “ಈ ಬಂಡಿಯಲ್ಲಿ ನಿಮ್ಮಪ್ಪನ್ನ ಕೂರಿಸ್ಕೊಂಡು ದಿಂಬಂ ಹತ್ತಬೇಡಪ್ಪ” ಎಂದು ಅವರು ಶಿಷ್ಯನಿಗೆ ನೇರವಾಗಿಯೇ ಹೇಳಿದರು. ದಲ್ಲಾಳಿ ನಕ್ಕು, ಹತ್ತು ಸಾವಿರ ಇಳಿಸಿದ.

ರಿಪೇರಿಗೆ ಏನು ಬೀಳುತ್ತದೆಂದು ತಿಳಿಯದೆ ಬೇಕು ಬೇಡವೆಂದು ಹೇಳುವಂತಿರಲಿಲ್ಲ. ಆದ್ದರಿಂದ ಆ ದಿನವೇ ಮೇಸ್ತ್ರಿಗಳೊಡನೆ ಕೊಯಮತ್ತೂರಿಗೆ ಹೋದೆವು.

ಲೇತ್ ಯಂತ್ರದ ಕೆಲಸಮನೆಗೆ ಅಲ್ಲಿ ಪಟ್ಟರೆಯೆಂದೇ ಹೆಸರು. ಗಣಪತಿ, ಆವಾರಂಪಾಳಯಂ, ಪೀಳಮೇಡು, ಕುರಿಚ್ಚಿಗಳ ಗಲ್ಲಿಗಳಲ್ಲಿ ಮನೆಗೊಂದರಂತೆ ಪಟ್ಟರೆ ಎಂದರೆ ಅತಿಶಯೋಕ್ತಿಯಾದರೂ ಅಪಚಾರವಲ್ಲ. ಇದು ಹೇಗಾಯಿತೆಂಬುದನ್ನು ವಿಚಾರಿಸಿದರೆ ಹತ್ತಿಯಿಂದ ಆರಂಭಿಸಬೇಕು. 1888ರಲ್ಲಿ ಇಲ್ಲಿ ನೂಲಿನ ಗಿರಣಿ ಹುಟ್ಟಿತು. 1930ರ ದಶಕದ ಆದಿಯಲ್ಲಿ ಪೈಕಾರಾದ ಜಲವಿದ್ಯುತ್ತು ನೀಲಗಿರಿಯಿಂದ ಇಳಿದು ಬಂದಾಗ ಗಿರಣಿಗಳು ಹೆಚ್ಚಿದವು. ಗಿರಣಿಯ ಯಂತ್ರ ಕೆಟ್ಟರೆ ಬಿಡಿಭಾಗಕ್ಕಾಗಿ ಇಂಗ್ಲೆಂಡಿಗೆ ಬರೆದು ತಿಂಗಳುಗಟ್ಟಲೆ ಕಾಯಬೇಕು. ಇಲ್ಲಿನ ಎರಕದವರು ತಾವೇ ಮಾಡತೊಡಗಿದರು. ಬಾವಿಯ ನೀರೆತ್ತಲು ಪಂಪು, ಪಂಪಿಗೆ ಮೋಟಾರು, ಕೊನೆಗೆ ಇಡ್ಲಿಯ ಹಿಟ್ಟು ರುಬ್ಬುವ ಗ್ರೈಂಡರಿನವರೆಗೆ ಎಲ್ಲವೂ ಈ ಮಣ್ಣಿನಲ್ಲೇ ಬೆಳೆದವು. ಮೋಟಾರು ಬಂಡಿಯ ಮಾತಿಗೆ ಬಂದರೆ ಜಿ. ಡಿ. ನಾಯ್ಡು ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕಲಂಗಲ್ ಎಂಬ ಹಳ್ಳಿಯಲ್ಲಿ 1893ರಲ್ಲಿ ಹುಟ್ಟಿ, 1920ರಲ್ಲಿ ಒಂದೇ ಒಂದು ಬಸ್ಸು ಕೊಂಡು, ಪೊಳ್ಳಾಚಿಗೂ ಪಳನಿಗೂ ನಡುವೆ ತಾವೇ ಓಡಿಸಿದರು. ಅದೇ ಬೆಳೆದು ಯುನೈಟೆಡ್ ಮೋಟಾರ್ ಸರ್ವೀಸ್ ಎಂಬ ದೊಡ್ಡ ಸಂಸ್ಥೆಯಾಯಿತು. ಬಸ್ಸುಗಳು ಹೆಚ್ಚಿದಂತೆ ಅವುಗಳನ್ನು ಬಿಚ್ಚಿ ಜೋಡಿಸಬಲ್ಲ ಕೈಗಳೂ ಹೆಚ್ಚಲೇಬೇಕಷ್ಟೆ. ಅವರು 1974ರಲ್ಲಿ ತೀರಿಕೊಂಡರು. 2025ರ ಅಕ್ಟೋಬರಿನಲ್ಲಿ ತೆರೆದ ಅವಿನಾಶಿ ರಸ್ತೆಯ ಹತ್ತು ಕಿಲೋಮೀಟರಿನ ಮೇಲ್ಸೇತುವೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಅವರ ಸಂಸ್ಥೆಯ ಕಾರು ವಸ್ತುಸಂಗ್ರಹಾಲಯವೂ ಅದೇ ರಸ್ತೆಯಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗತಕ್ಕ ಸ್ಥಳ.

ಇಂಥ ಊರಾದ್ದರಿಂದ ಎಂಜಿನ್ನಿನ ಒಂದೊಂದು ಅಂಗಕ್ಕೂ ಇಲ್ಲಿ ಬೇರೆ ಬೇರೆ ವೈದ್ಯರಿದ್ದಾರೆ. ಒಬ್ಬನದು ತಲೆಯನ್ನು ಉಜ್ಜಿ ಸಮ ಮಾಡುವ ಕೆಲಸ, ಇನ್ನೊಬ್ಬನದು ಸಿಲಿಂಡರು ಕೊರೆಯುವುದು. ಕ್ರಾಂಕ್ ಉಜ್ಜುವವನು ಬೇರೆ, ಟರ್ಬೊ ಬಿಚ್ಚುವವನು ಬೇರೆ. ಡೀಸೆಲ್ ಇಂಜೆಕ್ಟರುಗಳನ್ನು ಪರೀಕ್ಷಿಸುವವನ ಕೋಣೆ ಮಾತ್ರ ಆಸ್ಪತ್ರೆಯಂತೆ ಚೊಕ್ಕಟ. ಆಧುನಿಕ ಡೀಸೆಲ್ ಬಂಡಿಯಲ್ಲಿ ಎಣ್ಣೆ ಸಾವಿರಕ್ಕೂ ಹೆಚ್ಚು ಪಟ್ಟು ವಾಯುಭಾರದ ಒತ್ತಡದಲ್ಲಿ ಬಹಳ ಸಣ್ಣ ರಂಧ್ರಗಳಿಂದ ಚಿಮ್ಮುತ್ತದೆ. ಒಂದು ಕಣ ಧೂಳು ಬಿದ್ದರೂ ಕೆಲಸ ಕೆಟ್ಟಿತು. ನಾಲ್ಕು ಗಾಜಿನ ಕೊಳವೆಗಳಲ್ಲಿ ನಾಲ್ಕು ಇಂಜೆಕ್ಟರುಗಳ ಎಣ್ಣೆ ಏರುವುದನ್ನು ಅವನು ತೋರಿಸಿದ. ಮೂರು ಒಂದೇ ಮಟ್ಟದಲ್ಲಿದ್ದವು, ನಾಲ್ಕನೆಯದು ಎರಡು ಬೆರಳು ಮೇಲೆ ಹೋಗಿತ್ತು. ಯಾರದೋ ಬಂಡಿಯ ನಡುಕಕ್ಕೆ ಆ ಎರಡು ಬೆರಳೇ ಕಾರಣ.

ಖರ್ಚಿನ ಮಾತು. ನಾವು ಮೂರು ನಾಲ್ಕು ಕಡೆ ಕೇಳಿ ಬರೆದುಕೊಂಡದ್ದು ಇದು. ಬಂಡಿಯ ಜಾತಿಯಂತೆ ಹೆಚ್ಚುಕಡಿಮೆಯಾಗುವುದುಂಟು. ಹೆಡ್ ಗ್ಯಾಸ್ಕೆಟ್ ಬದಲಿಸಿ ತಲೆಯನ್ನು ಸಮ ಮಾಡಿಸಲು 15ರಿಂದ 25 ಸಾವಿರ. ತಲೆಯೇ ಬಿರುಕು ಬಿಟ್ಟಿದ್ದರೆ 50 ಸಾವಿರಕ್ಕೂ ಮೇಲೆ, ಮತ್ತು ಬಿಚ್ಚುವವರೆಗೆ ಬಿರುಕಿದೆಯೋ ಇಲ್ಲವೋ ಯಾರೂ ಹೇಳಲಾರರು. ಇಂಜೆಕ್ಟರು ಹೊಸದಾದರೆ ಒಂದಕ್ಕೆ 15ರಿಂದ 20 ಸಾವಿರ, ನಾಲ್ಕಕ್ಕೆ ಎಷ್ಟಾಯಿತೆಂದು ವಾಚಕರೇ ಗುಣಿಸಲಿ. ಇಲ್ಲಿ ಒಳಭಾಗ ಬದಲಿಸಿ ಸರಿಪಡಿಸಿದರೆ ನಾಲ್ಕೈದು ಸಾವಿರದಲ್ಲಿ ಒಂದು ಮುಗಿಯುತ್ತದೆ. ಟರ್ಬೊ ದುರಸ್ತಿಗೆ 12ರಿಂದ 18 ಸಾವಿರ, ಹೊಸದಕ್ಕೆ ಅದರ ಎರಡು ಮೂರು ಪಟ್ಟು. ಕ್ಲಚ್ ಸುಮಾರು 15 ಸಾವಿರ. ಜೊತೆಗೆ ಫ್ಲೈವೀಲೂ ಹೋಗಿದ್ದರೆ ಇನ್ನೂ 30 ಸಾವಿರ. ಎಂಜಿನ್ನನ್ನು ಪೂರ್ತಿ ಇಳಿಸಿ, ಕೊರೆದು, ಉಂಗುರ ಬೇರಿಂಗುಗಳನ್ನೆಲ್ಲ ಬದಲಿಸುವುದಾದರೆ 80 ಸಾವಿರದಿಂದ ಒಂದೂವರೆ ಲಕ್ಷ.

ಟರ್ಬೊದ ವಿಷಯವಾಗಿ ಒಂದು ಮಾತನ್ನು ಘಟ್ಟದವರಿಗಾಗಿಯೇ ಬರೆಯಬೇಕು. ಅದರೊಳಗಿನ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಅದರ ಅಚ್ಚು ತೇಲುವುದು ಎಂಜಿನ್ ಆಯಿಲಿನ ತೆಳುಪದರದ ಮೇಲೆ. ನಮ್ಮವರು ಘಟ್ಟ ಹತ್ತಿ ಬಂದು, ಬಂಡಿ ನಿಂತದ್ದೇ ತಡ ಕೀಲಿ ತಿರುಗಿಸಿ ಚಹಾಕ್ಕೆ ಇಳಿಯುತ್ತಾರೆ. ಎಂಜಿನ್ ನಿಂತೊಡನೆ ಆಯಿಲೂ ನಿಲ್ಲುತ್ತದೆ. ಕಾದ ಅಚ್ಚಿನ ಮೇಲೆ ಉಳಿದ ಆಯಿಲು ಸೀದು ಕರಿಯಾಗುತ್ತದೆ. ಒಂದೆರಡು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟರೆ ಈ ಖರ್ಚು ಎಷ್ಟೋ ವರ್ಷ ಮುಂದೆ ಹೋಗುತ್ತದೆ. ಟೈಮಿಂಗ್ ಬೆಲ್ಟೂ ಹಾಗೆಯೇ. ಕೆಲವು ಎಂಜಿನ್ನುಗಳಲ್ಲಿ ಸರಪಳಿಯಿರುತ್ತದೆ, ಕೆಲವುಗಳಲ್ಲಿ ರಬ್ಬರಿನ ಬೆಲ್ಟು. ಬೆಲ್ಟಾದರೆ ತಯಾರಕರು ಹೇಳಿದ ಕಿಲೋಮೀಟರಿಗೆ ಬದಲಿಸಲೇಬೇಕು. ಓಡುತ್ತಿರುವಾಗ ಕಡಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಹಿಂದಿನ ಮಾಲೀಕರು ಬದಲಿಸಿದ್ದಾರೆಂಬ ಬಾಯಿಮಾತನ್ನು ಲೆಕ್ಕಕ್ಕೆ ಹಿಡಿಯಬಾರದು, ಬಿಲ್ಲು ಬೇಕು. 2020ರ ಏಪ್ರಿಲ್‌ನಿಂದೀಚೆಗಿನ ಬಿ.ಎಸ್. 6 ಡೀಸೆಲ್ ಬಂಡಿಗಳಿಗೆ ಹೊಗೆಯ ಕೊಳವೆಯಲ್ಲೊಂದು ಜರಡಿ ಬೇರೆ ಸೇರಿದೆ. ದಿನವೂ ಎರಡು ಮೂರು ಮೈಲಿ ಮಾತ್ರ ಓಡಿಸುವವರಿಗೆ ಅದು ಮಸಿಯಿಂದ ಕಟ್ಟಿಕೊಂಡು ತೊಂದರೆ ಕೊಡುತ್ತದೆ. ಅಂಥವರಿಗೆ ಡೀಸೆಲ್ ಬಂಡಿಯೇ ಬೇಡವೆಂಬುದು ನಮ್ಮ ಅಭಿಪ್ರಾಯ.

ಸಂಜೆ ತಿರುಪ್ಪೂರಿಗೆ ಮರಳಿ, ಶಿಷ್ಯನ ಮನೆಯಲ್ಲಿ ಕಾಗದ ಹಿಡಿದು ಕುಳಿತೆವು. ಬಂಡಿಗೆ ಐದು ಲಕ್ಷ. ರಿಪೇರಿ ಕಡಿಮೆಯೆಂದರೆ 70 ಸಾವಿರ, ಹೆಚ್ಚೆಂದರೆ 1,60,000. ಅವನು ಇನ್ನೂ ದಲ್ಲಾಳಿಯನ್ನು ನಲವತ್ತು ಸಾವಿರ ಇಳಿಸುವ ಲೆಕ್ಕದಲ್ಲಿದ್ದ. ಅಷ್ಟು ಹೊತ್ತು ಸುಮ್ಮನಿದ್ದ ಅವನ ಹೆಂಡತಿ, “ಮೀಟರು ಎಪ್ಪತ್ತೆಂಟು ಸಾವಿರ ಅಂತಾರೆ. ಬ್ರೇಕಿನ ಪೆಡಲು ಹಂಗ್ಯಾಕೆ ಸವೆದದೆ? ನಮ್ಮ ಕಂಪನಿ ಮಿಷನ್ನಿನ ಪೆಡಲು ಆರು ವರ್ಷ ತುಳಿದ್ರೂ ಅಷ್ಟು ಸವೆದಿಲ್ಲ” ಎಂದಳು. ಮರುದಿನ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ವಿಚಾರಿಸಲಾಗಿ, ಎರಡು ವರ್ಷದ ಹಿಂದೆಯೇ ಆ ಬಂಡಿ 1,14,000 ಕಿಲೋಮೀಟರ್ ಓಡಿತ್ತೆಂದು ದಾಖಲೆ ದೊರಕಿತು. ಆ ಮಾತು ಅಲ್ಲಿಗೆ ನಿಂತಿತು. ಯಾವ ಮೇಸ್ತ್ರಿಯೂ ಹಿಡಿಯದ ಸುಳ್ಳನ್ನು ಹೊಲಿಗೆ ಯಂತ್ರ ತುಳಿಯುವ ಹೆಣ್ಣುಮಗಳು ಹಿಡಿದಳೆಂಬುದು ನಮಗೆ ಬಹಳ ಸಂತೋಷ ಕೊಟ್ಟಿತು.

ಮುಂದೆ ಐದು ವಾರ ಹುಡುಕಿ ಅವರು ಕೊಂಡದ್ದು ಹನ್ನೆರಡು ವರ್ಷದ ಬಂಡಿ. ಮೀಟರಿನಲ್ಲಿ 2,10,000. ಕೇಳಿದವರೆಲ್ಲ ಮೂಗೆಳೆದರು. ಆದರೆ ಧಾರಾಪುರದ ಕಡೆಯ ರೈತರೊಬ್ಬರು ಮೊದಲಿನಿಂದಲೂ ಇಟ್ಟುಕೊಂಡಿದ್ದ ಬಂಡಿಯದು. ಆಯಿಲ್ ಬದಲಿಸಿದ್ದರಿಂದ ಹಿಡಿದು ಎಂಜಿನ್ ಇಳಿಸಿ ಕೊರೆಸಿದ್ದರವರೆಗೆ ಎಲ್ಲ ಬಿಲ್ಲುಗಳನ್ನೂ ಅಕ್ಕಿಯ ಚೀಲವೊಂದರಲ್ಲಿ ಕಟ್ಟಿಟ್ಟಿದ್ದರು. ಬೆಳಗಿನ ಜಾವ ತಣ್ಣಗಿದ್ದಾಗಲೇ ಚಾಲೂ ಮಾಡಿ ನೋಡಿದರು, ಮುಚ್ಚಳ ಕುಣಿಯಲಿಲ್ಲ. ಬೆಲೆ 3,40,000. ಇಂಜೆಕ್ಟರೊಂದರ ದುರಸ್ತಿ, ರೇಡಿಯೇಟರು ಶುದ್ಧಿ, ಹೊಸ ಬ್ಯಾಟರಿ ಎಂದು 19 ಸಾವಿರ ಬಿದ್ದಿತು. ಚೀಟಿಯ ದುಡ್ಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಉಳಿಯಿತು.

ಕಾಗದಪತ್ರದ ವಿಚಾರ ಗಡಿಯವರಾದ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ಹೊರರಾಜ್ಯದ ಫಲಕದ ಬಂಡಿ ಅಗ್ಗಕ್ಕೆ ಸಿಗುವುದು ಕಾರಣವಿಲ್ಲದೆ ಅಲ್ಲ. ಒಂದು ರಾಜ್ಯದ ಬಂಡಿಯನ್ನು ಇನ್ನೊಂದರಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಹೊಸದಾಗಿ ನೋಂದಾಯಿಸಬೇಕು. ಅದಕ್ಕೆ ಮೂಲ ಆರ್.ಟಿ.ಒ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28 ತರಬೇಕು, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಹಕ್ಕು ವರ್ಗಾವಣೆಗೆ ಫಾರಂ 29, 30. ಬಂಡಿಯ ಮೇಲೆ ಸಾಲವಿದ್ದದ್ದು ತೀರಿದ್ದರೆ ಫಾರಂ 35. ಇವುಗಳಿಗೆ ಸಹಿ ಬೀಳುವ ಮೊದಲು ಪೂರ್ತಿ ಹಣ ಕೊಡಲಾಗದು. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿಯಿದ್ದ ಆ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಕಾರುಗಳಿಗೆ 5,000ಕ್ಕೆ ಏರಿಸಿದ್ದಾರೆ. ಶಿಷ್ಯನ ಬಂಡಿಗೆ ಅದಕ್ಕಿನ್ನೂ ಮೂರು ವರ್ಷ ಅವಧಿಯಿದೆ. ಧಾರಾಪುರದ 78ರ ಫಲಕವಾದ್ದರಿಂದ ಫಾರಂ 28ರ ತಾಪತ್ರಯವೂ ಅವನಿಗೆ ಬರಲಿಲ್ಲ. ಹೆಸರು ಬದಲಾದ ಪುಸ್ತಕ ಕೈಸೇರಿದ ವಾರದಲ್ಲೇ ತಂದೆಯವರನ್ನು ಕೊಯಮತ್ತೂರಿನ ಆಸ್ಪತ್ರೆಗೆ ಕರೆದೊಯ್ಯಲು ಊರಿಗೆ ಬಂದಿದ್ದ.